ಆಕ್ಸಿಜನ್ ಸೆನ್ಸರ್ ತಪ್ಪು ತೋರಿಸುತ್ತಿದೆಯಾ? ಮೊದಲು ಅದು ಕೂತಿರುವ ಜಾಗ ನೋಡಿ

ಎರಡು ಸೆನ್ಸರ್ ಬದಲಾಯಿಸಿದ ಮೇಲೆ ನನಗೆ ಬುದ್ಧಿ ಬಂತು.

ಕಾರಿಗೆ ವೈಡ್‌ಬ್ಯಾಂಡ್ ಗೇಜ್ ಹಾಕಿಸಿದ್ದೆ. ಎಕ್ಸಾಸ್ಟ್ ಪೈಪಿನಲ್ಲಿ ಕೂತ ಆಕ್ಸಿಜನ್ ಸೆನ್ಸರ್ ನೋಡಿ, ಒಂದು ಪಾಲು ಪೆಟ್ರೋಲ್‌ಗೆ ಎಷ್ಟು ಪಾಲು ಗಾಳಿ ಅಂತ ಅದು ಹೇಳುತ್ತದೆ; 14.7 ಇದ್ದರೆ ಸರಿ. 3000 ಆರ್‌ಪಿಎಂನಲ್ಲಿ ಓಡಿಸುವಾಗ ಅಂಕಿ 14.7ರ ಆಸುಪಾಸಿನಲ್ಲೇ ಆಡುತ್ತಿತ್ತು. ಗಾಡಿ ನಿಲ್ಲಿಸಿ ಐಡ್ಲಿಂಗ್‌ಗೆ ಬಂದ ತಕ್ಷಣ 17ಕ್ಕೆ ಏರುತ್ತಿತ್ತು, ಒಮ್ಮೊಮ್ಮೆ 18. ಅಂದರೆ ಲೀನ್: ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಅದನ್ನು ನಂಬಿ ಐಡ್ಲಿಂಗ್‌ನ ಪೆಟ್ರೋಲ್ ಏರಿಸುತ್ತಾ ಹೋದೆ. ಒಂದು ವಾರ ಬಿಟ್ಟು ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ನಾಲ್ಕೂ ಕರ್ರಗೆ, ಮುಟ್ಟಿದರೆ ಬೆರಳಿಗೆ ಮಸಿ. ಲೀನ್ ಓಡುವ ಎಂಜಿನ್‌ನ ಪ್ಲಗ್ ಹೀಗೆ ಇರಲ್ಲ. ಪ್ಲಗ್ ಒಂದು ಹೇಳುತ್ತಿದೆ, ಗೇಜ್ ಇನ್ನೊಂದು ಹೇಳುತ್ತಿದೆ.

ಸೆನ್ಸರ್ ಹಾಳಾಗಿದೆ ಅಂದುಕೊಂಡು ಹೊಸದು ಹಾಕಿದೆ. ಅದೂ 17 ಅಂತು. ಅದನ್ನೂ ತೆಗೆದು ಮತ್ತೊಂದು ಹಾಕಿದೆ. ಮತ್ತೆ 17. ಮೂರು ಸೆನ್ಸರ್ ಒಂದೇ ಮಾತು ಹೇಳಿದರೆ ಆ ಮಾತಿನಲ್ಲಿ ಏನೋ ನಿಜ ಇರಬೇಕಲ್ವಾ? ಇತ್ತು. ಸೆನ್ಸರ್ ತನ್ನ ಮೂತಿಯ ಮುಂದೆ ಹರಿದ ಹೊಗೆಯಲ್ಲಿ ಎಷ್ಟು ಆಕ್ಸಿಜನ್ ಇದೆಯೋ ಅಷ್ಟನ್ನೇ ಹೇಳುತ್ತಿತ್ತು. ಆ ಹೊಗೆಯೊಳಗೆ ಹೊರಗಿನ ಗಾಳಿ ಸೇರಿಕೊಂಡಿತ್ತು, ಅಷ್ಟೇ.

ತಪ್ಪು ನನ್ನದೇ. ಸೈಲೆನ್ಸರ್‌ನ ಹಿಂದೆ ಪೈಪ್ ನೇರವಾಗಿತ್ತು, ಕೈಗೆ ಸಲೀಸಾಗಿ ಸಿಗುತ್ತಿತ್ತು. ವೆಲ್ಡಿಂಗ್ ಮಾಡುವವರು "ಸಾರ್, ಇಲ್ಲೇ ಹಾಕ್ಬಿಡ್ಲಾ? ಏನೂ ಬಿಚ್ಚೋ ಹಾಗಿಲ್ಲ" ಅಂದರು. ನಾನೂ ಹೂಂ ಅಂದೆ. ಪೈಪಿನ ಬಾಯಿಯಿಂದ ಬರೀ ಎರಡು ಗೇಣು ದೂರ.

ಸೆನ್ಸರ್‌ಗೆ ಪೆಟ್ರೋಲ್ ಕಾಣುವುದಿಲ್ಲ

ಇದೊಂದು ತಲೆಯಲ್ಲಿ ಕೂತರೆ ಮುಂದಿನದೆಲ್ಲ ಸುಲಭ. ಆಕ್ಸಿಜನ್ ಸೆನ್ಸರ್ ಪೆಟ್ರೋಲ್ ಅಳೆಯುವುದಿಲ್ಲ. ಹೊಗೆಯ ಆಕ್ಸಿಜನ್ನನ್ನು ಹೊರಗಿನ ಗಾಳಿಯ ಆಕ್ಸಿಜನ್ ಜೊತೆ ಹೋಲಿಸುತ್ತದೆ. ಹಳೆಯ ಮಾದರಿಯ ನ್ಯಾರೋಬ್ಯಾಂಡ್ ಸೆನ್ಸರ್ ರಿಚ್ (ಪೆಟ್ರೋಲ್ ಜಾಸ್ತಿ) ಇದ್ದಾಗ ಸುಮಾರು 0.9 ವೋಲ್ಟ್, ಲೀನ್ ಇದ್ದಾಗ ಸುಮಾರು 0.1 ವೋಲ್ಟ್ ಕೊಡುತ್ತದೆ. ನಡುವೆ 0.45ರ ಹತ್ತಿರ ದಿಢೀರ್ ಅಂತ ಬದಲಾಗುತ್ತದೆ. ಯಾವ ಕಡೆ ಇದ್ದೀವಿ ಅನ್ನುವುದು ಅದಕ್ಕೆ ಗೊತ್ತು, ಎಷ್ಟು ದೂರ ಇದ್ದೀವಿ ಅನ್ನುವುದು ಗೊತ್ತಿಲ್ಲ. ವೈಡ್‌ಬ್ಯಾಂಡ್ ಆ ದೂರವನ್ನೂ ಹೇಳುತ್ತದೆ.

ಇದರಿಂದ ಒಂದು ತಮಾಷೆಯಾಗುತ್ತದೆ. ಒಂದು ಸಿಲಿಂಡರ್ ಮಿಸ್‌ಫೈರ್ ಆದರೆ ಸುಡದ ಪೆಟ್ರೋಲ್ ಜೊತೆ ಸುಡದ ಆಕ್ಸಿಜನ್ನೂ ಹೊರಗೆ ಬರುತ್ತದೆ. ಸೆನ್ಸರ್ ಆಕ್ಸಿಜನ್ ನೋಡಿ "ಲೀನ್" ಅನ್ನುತ್ತದೆ. ಹಿಂದೆ ನಿಂತವರಿಗೆ ಮಾತ್ರ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯುತ್ತದೆ. ಹಾಗಾಗಿ ಜಾಗ ಹುಡುಕುವುದಕ್ಕೆ ಮುಂಚೆ ಎಂಜಿನ್ ನೆಟ್ಟಗೆ ಓಡುತ್ತಿದೆಯಾ ನೋಡಿಕೊಳ್ಳಿ. ಮಿಸ್‌ಫೈರ್ ಇದ್ದರೆ ಸೆನ್ಸರ್ ಎಲ್ಲಿ ಹಾಕಿದರೂ ಒಂದೇ.

ಇನ್ನೊಂದು ಮಾತು. ಗೇಜಿನ 14.7 ಅನ್ನುವುದು ಶುದ್ಧ ಪೆಟ್ರೋಲ್‌ನ ಲೆಕ್ಕ. 10 ಶೇಕಡ ಎಥನಾಲ್ ಬೆರೆತ ಪೆಟ್ರೋಲ್‌ಗೆ ಸರಿಯಾದ ಅಳತೆ 14.1ರ ಹತ್ತಿರ. ಆದರೂ ಗೇಜ್ 14.7 ಅಂತಲೇ ತೋರಿಸುತ್ತದೆ. ಯಾಕಂದರೆ ಅದು ಅಳೆಯುವುದು ಲ್ಯಾಮ್ಡಾ (ಯಾವ ಪೆಟ್ರೋಲ್ ಆದರೂ ಸರಿಯಾದ ಅಳತೆಗೆ 1 ಅನ್ನುವ ಅಂಕಿ), ಆಮೇಲೆ 14.7ರಿಂದ ಗುಣಿಸುತ್ತದೆ. ಗೇಜಿನಲ್ಲಿ ಆಯ್ಕೆ ಇದ್ದರೆ ಲ್ಯಾಮ್ಡಾದಲ್ಲೇ ಇಟ್ಟುಕೊಳ್ಳಿ, ತಲೆನೋವು ಕಡಿಮೆ.

ಐಡ್ಲಿಂಗ್‌ನಲ್ಲಿ ಲೀನ್, ಆಕ್ಸಿಲರೇಟರ್ ಒತ್ತಿದರೆ ಸರಿ

ಜಾಗದ ತಪ್ಪಿನಿಂದ ಬರುವ ದೋಷಗಳಲ್ಲಿ ಹೆಚ್ಚು ಜನರನ್ನು ಸುತ್ತಾಡಿಸುವುದು ಇದೇ. ನನ್ನದೂ ಇದೇ ಆಗಿತ್ತು.

ಎಕ್ಸಾಸ್ಟ್ ಪೈಪಿನಿಂದ ಹೊಗೆ ಹೊರಗೇ ಬರುವುದಲ್ಲವಾ, ಒಳಗೆ ಗಾಳಿ ಹೇಗೆ ಹೋಗುತ್ತದೆ? ಹೊಗೆ ನಲ್ಲಿ ನೀರಿನ ಹಾಗೆ ಒಂದೇ ಸಮನೆ ಹರಿಯುವುದಿಲ್ಲ. ಗುಕ್ಕು ಗುಕ್ಕಾಗಿ ಬರುತ್ತದೆ. ನಾಲ್ಕು ಸಿಲಿಂಡರ್‌ನ ಎಂಜಿನ್ 800 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 27 ಗುಕ್ಕು ಬಿಡುತ್ತದೆ. ಒಂದು ಗುಕ್ಕು ದಾಟಿದ ಮೇಲೆ ಅದರ ಬೆನ್ನ ಹಿಂದೆ ಒತ್ತಡ ಹೊರಗಿನ ಗಾಳಿಗಿಂತ ಕೆಳಗೆ ಇಳಿಯುತ್ತದೆ. ಆ ಕ್ಷಣದಲ್ಲಿ ಎಲ್ಲಿ ಸಂದು ಇದೆಯೋ ಅಲ್ಲಿಂದ ಪೈಪ್ ಗಾಳಿ ಎಳೆದುಕೊಳ್ಳುತ್ತದೆ. ಪೈಪಿನ ಬಾಯಿಯಿಂದಲೂ ಎಳೆದುಕೊಳ್ಳುತ್ತದೆ.

ಲೆಕ್ಕ ಹಾಕಿ ನೋಡಿ. ಎಂಜಿನ್ ಎಳೆದ ಗಾಳಿಯ ಹತ್ತರಲ್ಲಿ ಒಂದು ಪಾಲು ಹೊರಗಿನ ಗಾಳಿ ಸೇರಿದರೆ, 14.7 ಇದ್ದದ್ದು ಸುಮಾರು 16.2 ಅಂತ ಕಾಣುತ್ತದೆ. 2 ಲೀಟರ್ ಎಂಜಿನ್ ಐಡ್ಲಿಂಗ್‌ನಲ್ಲಿ ಸೆಕೆಂಡಿಗೆ ಎರಡೂವರೆ, ಮೂರು ಗ್ರಾಂ ಗಾಳಿ ಎಳೆಯುತ್ತದೆ. ಅದರ ಹತ್ತನೇ ಪಾಲು ಅಂದರೆ ಕಾಲು ಗ್ರಾಂ ಚಿಲ್ಲರೆ. ಒಂದು ಸುಟ್ಟ ಗ್ಯಾಸ್ಕೆಟ್ ಸಾಕು. ಅದೇ ಎಂಜಿನ್ ಪೂರ್ತಿ ಜೋರಿನಲ್ಲಿ ಸೆಕೆಂಡಿಗೆ 100 ಗ್ರಾಂ ದಾಟುತ್ತದೆ. ಆಗ ಅದೇ ಕಾಲು ಗ್ರಾಂ ಲೆಕ್ಕಕ್ಕೇ ಇಲ್ಲ. ಅದಕ್ಕೇ ಆಕ್ಸಿಲರೇಟರ್ ಒತ್ತಿದಾಗ ಎಲ್ಲ ಸರಿ ಕಾಣುವುದು.

ಕಂಪನಿಯಿಂದ ಬಂದ ಸೆನ್ಸರ್ ಇರುವ ಕಾರಿನಲ್ಲಿ ಇದೇ ದೋಷ ಬೇರೆ ವೇಷದಲ್ಲಿ ಬರುತ್ತದೆ. ಇಸಿಯು (ಎಂಜಿನ್ನಿನ ಕಂಪ್ಯೂಟರ್) ಲೀನ್ ಅಂತ ನಂಬಿ ಪೆಟ್ರೋಲ್ ಸೇರಿಸುತ್ತಾ ಹೋಗುತ್ತದೆ. ಸ್ಕ್ಯಾನರ್‌ನಲ್ಲಿ ಫ್ಯೂಯಲ್ ಟ್ರಿಮ್ (ಇಸಿಯು ಶೇಕಡ ಎಷ್ಟು ಪೆಟ್ರೋಲ್ ಏರಿಸಿದೆ, ಇಳಿಸಿದೆ ಅನ್ನುವ ಲೆಕ್ಕ) ಐಡ್ಲಿಂಗ್‌ನಲ್ಲಿ ಪ್ಲಸ್ 15, ಪ್ಲಸ್ 20. 2500 ಆರ್‌ಪಿಎಂಗೆ ಏರಿಸಿದರೆ ಇಳಿಯುತ್ತದೆ. ಕೊನೆಗೆ ಎಂಜಿನ್ ಲೀನ್ ಅನ್ನುವ ಪಿ0171 ಕೋಡ್ ಬೀಳುತ್ತದೆ.

ಇಲ್ಲೊಂದು ಗುಂಡಿ ಇದೆ, ಹುಷಾರು. ಇಂಟೇಕ್ ಕಡೆಯ ವ್ಯಾಕ್ಯೂಮ್ ಲೀಕ್ (ಎಂಜಿನ್ ಗಾಳಿ ಎಳೆಯುವ ದಾರಿಯಲ್ಲಿ ಸಂದು) ಕೂಡ ಸ್ಕ್ಯಾನರ್‌ನಲ್ಲಿ ಹೀಗೇ ಕಾಣುತ್ತದೆ. ಎರಡನ್ನೂ ಬೇರೆ ಮಾಡಲು ಪ್ಲಗ್ ಬಿಚ್ಚಿ. ವ್ಯಾಕ್ಯೂಮ್ ಲೀಕ್ ಇದ್ದರೆ ಗಾಳಿ ನಿಜವಾಗಿಯೂ ಎಂಜಿನ್ ಒಳಗೆ ಹೋಗಿದೆ. ಇಸಿಯು ಸೇರಿಸಿದ ಪೆಟ್ರೋಲ್ ಅದಕ್ಕೆ ಸರಿಹೋಗುತ್ತದೆ, ಪ್ಲಗ್ ಬಣ್ಣ ಮಾಮೂಲಿ. ಎಕ್ಸಾಸ್ಟ್ ಲೀಕ್ ಇದ್ದರೆ ಎಂಜಿನ್‌ಗೆ ಗಾಳಿ ಕಡಿಮೆಯೇನೂ ಇರಲಿಲ್ಲ, ಜಾಸ್ತಿಯೂ ಇರಲಿಲ್ಲ. ಸುಮ್ನೆ ಪೆಟ್ರೋಲ್ ಸೇರಿತು. ಪ್ಲಗ್ ಕಪ್ಪು, ಹೊಗೆಯಲ್ಲಿ ಹಸಿ ಪೆಟ್ರೋಲ್ ವಾಸನೆ, ಮೈಲೇಜ್ ಢಮಾರ್.

ಲೀಕ್ ಹುಡುಕುವುದು ಎಂಜಿನ್ ತಣ್ಣಗಿರುವಾಗ. ಬಿಸಿಯಾದರೆ ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳಬಹುದು. ಗಾಳಿ ಊದುವ ವ್ಯಾಕ್ಯೂಮ್ ಕ್ಲೀನರ್‌ನ ಪೈಪನ್ನು ಎಕ್ಸಾಸ್ಟ್ ಬಾಯಿಗೆ ಇಟ್ಟು ಸುತ್ತ ಬಟ್ಟೆ ತುರುಕಿ. ಎಂಜಿನ್ ಆಫ್ ಇರಲಿ. ಮ್ಯಾನಿಫೋಲ್ಡ್‌ನಿಂದ (ಎಂಜಿನ್‌ಗೆ ಅಂಟಿದ ಮೊದಲ ಪೈಪುಗಳ ಗೊಂಚಲು) ಸೆನ್ಸರ್‌ವರೆಗೆ ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದ ಕಡೆ ಸಿಕ್ಕಿತು ಅಂತ ಅರ್ಥ. ಎರಡು ಪೈಪ್ ಬೋಲ್ಟ್ ಹಾಕಿ ಸೇರಿಸಿರುವ ಫ್ಲ್ಯಾಂಜ್ ಪಕ್ಕದಲ್ಲಿ ಮಸಿಯ ಗೆರೆ ಕಂಡರೂ ಅದೇ. ಸೆನ್ಸರ್‌ನ ಹಿಂದೆ ಸ್ವಲ್ಪ ದೂರದವರೆಗೂ ನೋಡಿ, ಹತ್ತಿರದ ಲೀಕ್ ಆದರೆ ಅಲ್ಲಿಂದಲೂ ಗಾಳಿ ವಾಪಸ್ ಬರುತ್ತದೆ.

ಪೈಪಿನ ಬಾಯಿಯ ವಿಷಯಕ್ಕೆ ಬಂದರೆ, ಸೆನ್ಸರ್‌ಗೂ ತೆರೆದ ತುದಿಗೂ ನಡುವೆ ಒಂದು ಮೀಟರ್ ಆದರೂ ಪೈಪ್ ಇರಲಿ. ನನ್ನ ಎರಡು ಗೇಣು ಯಾವ ಮೂಲೆಗೂ ಸಾಲದು.

ಅಂಕಿ ಸರಿ, ಆದರೆ ತಡವಾಗಿ ಬರುತ್ತದೆ

ಆಕ್ಸಿಲರೇಟರ್ ಒತ್ತಿ ಬಿಟ್ಟು ಆದಮೇಲೆ ಗೇಜ್ ಎಚ್ಚರವಾಗುತ್ತದೆ. ಟ್ಯೂನಿಂಗ್ ಮಾಡುವವರಿಗೆ ಇದು ದೊಡ್ಡ ಕಾಟ. ಯಾವ ಆರ್‌ಪಿಎಂಗೆ ಯಾವ ಅಂಕಿ ಅಂತ ಹೊಂದಿಸಲು ಆಗುವುದಿಲ್ಲ. ಕಂಪನಿ ಸೆನ್ಸರ್ ಆದರೆ ಸೆನ್ಸರ್ ನಿಧಾನ ಅನ್ನುವ ಪಿ0133 ಕೋಡ್.

ಒಂದು ಕಾರಣ ದೂರ. 50 ಮಿಲಿಮೀಟರ್ ಒಳವ್ಯಾಸದ ಪೈಪಿನಲ್ಲಿ ಒಂದು ಮೀಟರ್ ಉದ್ದಕ್ಕೆ ಸುಮಾರು 2 ಲೀಟರ್ ಹೊಗೆ ಹಿಡಿಯುತ್ತದೆ. ಮೊದಲಿನ 2 ಲೀಟರ್ ಎಂಜಿನ್ನನ್ನೇ ತೆಗೆದುಕೊಳ್ಳಿ. ಐಡ್ಲಿಂಗ್‌ನಲ್ಲಿ ಬಿಸಿ ಹೊಗೆ ಸೆಕೆಂಡಿಗೆ 5 ಲೀಟರ್ ಹರಿದರೆ ಒಂದು ಮೀಟರ್ ದಾಟಲು 0.4 ಸೆಕೆಂಡ್ ಬೇಕು. ಪೂರ್ತಿ ಜೋರಿನಲ್ಲಿ ಅದೇ ದೂರ ಸೆಕೆಂಡಿನ ಇನ್ನೂರನೇ ಒಂದು ಪಾಲಿನಷ್ಟರಲ್ಲಿ ದಾಟುತ್ತದೆ. ಸೆನ್ಸರ್ ಮೂರು ಮೀಟರ್ ಹಿಂದೆ ಇದ್ದರೆ ಐಡ್ಲಿಂಗ್‌ನಲ್ಲಿ ನೀವು ನೋಡುತ್ತಿರುವುದು ಒಂದು ಸೆಕೆಂಡಿಗಿಂತ ಹಳೆಯ ಸುದ್ದಿ.

ಇನ್ನೊಂದು ಕಾರಣ ಕಣ್ಣಿಗೆ ಬೀಳುವುದಿಲ್ಲ: ಬಂಗ್‌ನ ಎತ್ತರ. ಬಂಗ್ ಅಂದರೆ ಪೈಪಿಗೆ ವೆಲ್ಡ್ ಮಾಡುವ ನಟ್, ಸೆನ್ಸರ್ ಅದರೊಳಗೆ ತಿರುಗಿ ಕೂರುತ್ತದೆ. ಅದು ಉದ್ದ ಜಾಸ್ತಿ ಇದ್ದರೆ ಸೆನ್ಸರ್‌ನ ಮೂತಿ ಪೈಪಿನೊಳಗೆ ಬರುವುದೇ ಇಲ್ಲ. ಬಾವಿಯ ತಳದಲ್ಲಿ ಕೂತ ಹಾಗೆ. ಹೊಗೆ ಮೇಲಿಂದ ಹಾದು ಹೋಗುತ್ತದೆ, ಬಾವಿಯೊಳಗೆ ಹಳೆ ಹೊಗೆ ನಿಂತಿರುತ್ತದೆ. ಸೆನ್ಸರ್ ಬಿಚ್ಚಿ, ಬಂಗ್‌ನ ಮೇಲಿನಿಂದ ಪೈಪಿನ ಒಳಮೈವರೆಗೆ ಒಂದು ಕಡ್ಡಿ ಇಟ್ಟು ಅಳೆಯಿರಿ. ಸೆನ್ಸರ್‌ನ ವಾಷರ್‌ನಿಂದ ಮೂತಿವರೆಗಿನ ಉದ್ದದ ಜೊತೆ ಹೋಲಿಸಿ. ಮೂತಿಯ ತೂತುಗಳು ಪೈಪಿನೊಳಗೆ ಇಣುಕಬೇಕು. ಸ್ಪೇಸರ್ ಹಾಕಿ ಸೆನ್ಸರ್ ಹಿಂದಕ್ಕೆ ಎಳೆದಿದ್ದರೆ ಅದನ್ನು ಮೊದಲು ಕಿತ್ತು ಹಾಕಿ.

ಸೆನ್ಸರ್ ಪದೇ ಪದೇ ಸಾಯುತ್ತಿದ್ದರೆ

ನೀರು, ಇಲ್ಲವೇ ಬಿಸಿ.

ನೀರಿನದ್ದು ಮೊದಲು. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ಪೈಪ್ ಬಿಸಿ ಇದ್ದರೆ ಆವಿಯಾಗಿ ಹೊರಟು ಹೋಗುತ್ತದೆ. ಬೆಳಿಗ್ಗೆ ತಣ್ಣನೆ ಪೈಪಿನಲ್ಲಿ ಹನಿಯಾಗಿ ತಳದಲ್ಲಿ ನಿಲ್ಲುತ್ತದೆ. ಸೆನ್ಸರ್ ಒಳಗಿನ ಸಿರಾಮಿಕ್ ಕೆಲಸ ಮಾಡುವ ಹೊತ್ತಿಗೆ ಕೆಂಪಗೆ ಕಾದಿರುತ್ತದೆ. ಬಾಷ್ ಎಲ್‌ಎಸ್‌ಯು 4.9 ಅನ್ನುವ ವೈಡ್‌ಬ್ಯಾಂಡ್ ಸೆನ್ಸರ್‌ನಲ್ಲಿ ಅದು ಸುಮಾರು 780 ಡಿಗ್ರಿ ಸೆಲ್ಸಿಯಸ್. ಅದರ ಮೇಲೆ ಒಂದು ಹನಿ ಬಿದ್ದರೆ ಒಲೆ ಮೇಲಿನ ಕಾದ ಗಾಜಿಗೆ ನೀರು ಎರಚಿದ ಹಾಗೆ. ಬಿರುಕು, ಅಲ್ಲಿಗೆ ಮುಗಿಯಿತು.

ಅದಕ್ಕೇ ಕೋನದ ನಿಯಮ. ಪೈಪನ್ನು ಅಡ್ಡ ಕತ್ತರಿಸಿ ಗಡಿಯಾರದ ಮುಖ ಅಂದುಕೊಳ್ಳಿ. ಸೆನ್ಸರ್ 10 ಗಂಟೆಯಿಂದ 2 ಗಂಟೆಯ ನಡುವೆ ಇರಬೇಕು, ವೈರ್ ಮೇಲೆ, ಮೂತಿ ಕೆಳಗೆ. ಜಾಗವೇ ಸಿಗದಿದ್ದರೆ 9 ಅಥವಾ 3 ಗಂಟೆಯ ಅಡ್ಡಗೆರೆಗಿಂತ 10 ಡಿಗ್ರಿಯಾದರೂ ಮೇಲೆ. ಅದಕ್ಕಿಂತ ಕೆಳಗೆ ಬೇಡವೇ ಬೇಡ. 6 ಗಂಟೆಯಲ್ಲಿ ಹಾಕಿದರೆ ಸೆನ್ಸರ್ ನೀರು ತುಂಬುವ ಲೋಟವಾಗುತ್ತದೆ. ಪೈಪು ಬಾಗಿ ಇಳಿದು ಮತ್ತೆ ಏರುವ ತಗ್ಗಿನಲ್ಲೂ ಬೇಡ.

ಸಿರಾಮಿಕ್ ಕಾಯಿಸಲು ಸೆನ್ಸರ್ ಒಳಗೆ ಇರುವ ಹೀಟರ್‌ಗೆ ಕರೆಂಟ್ ಎಂಜಿನ್ ಶುರುವಾದ ಮೇಲೆ ಬರಲಿ. ಇಗ್ನಿಷನ್ ಆನ್ ಮಾಡಿ ಹತ್ತು ನಿಮಿಷ ಹಾಡು ಕೇಳುವ ಅಭ್ಯಾಸ ಇರುವವರು ಈ ಮಾತು ನೆನಪಿಡಿ. ಹಾಗಂತ ಕರೆಂಟ್ ಕೊಡದೆ ಸೆನ್ಸರ್ ಪೈಪಿನಲ್ಲಿ ಬಿಟ್ಟು ಗಾಡಿ ಓಡಿಸುವುದೂ ತಪ್ಪು. ತಣ್ಣಗಿನ ಸೆನ್ಸರ್ ಮೇಲೆ ಮಸಿ ಕಟ್ಟುತ್ತದೆ. ಗೇಜ್ ಬಿಚ್ಚಿ ಇಟ್ಟರೆ ಸೆನ್ಸರೂ ಬಿಚ್ಚಿ, ತೂತಿಗೆ ಪ್ಲಗ್ ಹಾಕಿ.

ಬಿಸಿಯ ಮಿತಿ: ಅದೇ 4.9ಕ್ಕೆ ಹೊಗೆ 930 ಡಿಗ್ರಿ, ಸ್ಪ್ಯಾನರ್ ಹಿಡಿಯುವ ಆರು ಮೂಲೆಯ ಭಾಗ 600 ಡಿಗ್ರಿ ದಾಟಬಾರದು. ಮ್ಯಾನಿಫೋಲ್ಡ್‌ಗೆ ಅಂಟಿಸಿದ ಹಾಗೆ ಹಾಕಿದರೆ ಜೋರಾಗಿ ಓಡಿಸುವಾಗ ಈ ಮಿತಿ ಸುಲಭವಾಗಿ ದಾಟುತ್ತದೆ.

"ಸೆನ್ಸರ್ ಎಂಜಿನ್‌ಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು" ಅನ್ನುವ ಮಾತು ಇವತ್ತಿಗೂ ಕೇಳಿಬರುತ್ತದೆ. ಅದು ಹೀಟರ್ ಇಲ್ಲದ ಕಾಲದ ಮಾತು. 1976ರಲ್ಲಿ ಬಾಷ್‌ನ ಲ್ಯಾಮ್ಡಾ ಸೆನ್ಸರ್ ಮೊದಲು ವೋಲ್ವೋ ಕಾರಿನಲ್ಲಿ ಬಂದಾಗ ಅದಕ್ಕೆ ಹೊಗೆಯ ಬಿಸಿಯೇ ಗತಿ. ಸುಮಾರು 300 ಡಿಗ್ರಿ ದಾಟದೆ ಅದು ಬಾಯಿ ಬಿಡುತ್ತಿರಲಿಲ್ಲ, ಹಾಗಾಗಿ ಮ್ಯಾನಿಫೋಲ್ಡ್ ಹತ್ತಿರವೇ ಇರಬೇಕಿತ್ತು. ಈಗ ಒಳಗೇ ಹೀಟರ್ ಇದೆ. ಸ್ವಲ್ಪ ಹಿಂದಕ್ಕೆ ಸರಿಸಲು ಹೆದರಬೇಕಿಲ್ಲ.

ಉಳಿದ ಕೆಲವು

ಸೆನ್ಸರ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನ (ಕ್ಯಾಟ್) ಹಿಂದೆ ಇದ್ದರೆ ಅಂಕಿ ಸೋಮಾರಿಯಾಗಿ ಒಂದೇ ಕಡೆ ನಿಂತಿರುತ್ತದೆ. ಕ್ಯಾಟ್ ಆಕ್ಸಿಜನ್ನನ್ನು ಹಿಡಿದಿಟ್ಟುಕೊಂಡು ಬೇಕಾದಾಗ ಖರ್ಚು ಮಾಡುತ್ತದೆ. ಎಂಜಿನ್‌ನಲ್ಲಿ ಏನಾಯಿತು ಅನ್ನುವುದು ಅಲ್ಲಿ ಅಳಿಸಿ ಹೋಗಿರುತ್ತದೆ. ಕಂಪನಿಯವರು ಅಲ್ಲಿ ಎರಡನೇ ಸೆನ್ಸರ್ ಇಟ್ಟಿರುವುದು ಕ್ಯಾಟ್ ಕೆಲಸ ಮಾಡುತ್ತಿದೆಯಾ ಅಂತ ಕಾವಲು ಕಾಯಲು. ಅದರ ದೂರು ಪಿ0420. ವೈಡ್‌ಬ್ಯಾಂಡ್ ಆ ತೂತಿಗೆ ಹಾಕುವ ಆಸೆ ಎಲ್ಲರಿಗೂ ಬರುತ್ತದೆ, ತೂತು ರೆಡಿ ಇದೆಯಲ್ಲ ಅಂತ. ಬೇಡ.

ಒಂದೇ ಸಿಲಿಂಡರ್‌ನ ಪೈಪಿಗೆ ಹಾಕಿದರೆ ಆ ಒಂದರ ಕಥೆ ಮಾತ್ರ ಗೊತ್ತಾಗುತ್ತದೆ. ಉಳಿದ ಮೂರರಲ್ಲಿ ಒಂದು ಇಂಜೆಕ್ಟರ್ ಕಟ್ಟಿಕೊಂಡಿದ್ದರೂ ಗೇಜ್ ನಗುತ್ತಾ ಇರುತ್ತದೆ. ಎಲ್ಲ ಪೈಪುಗಳೂ ಸೇರುವ ಜಾಗ ದಾಟಿ, ಹೊಗೆ ಕಲೆಯಲು ಒಂದಿಷ್ಟು ದೂರ ಬಿಟ್ಟು ಹಾಕಿ. ವಿ6, ವಿ8 ಎಂಜಿನ್ ಆದರೆ ಪ್ರತಿ ಸಾಲಿಗೂ ಬೇರೆ ಸೆನ್ಸರ್ ಇದ್ದರೆ ಚೆನ್ನ. 1ನೇ ಸಿಲಿಂಡರ್ ಇರುವ ಸಾಲಿಗೆ ಸ್ಕ್ಯಾನರ್ ಬ್ಯಾಂಕ್ 1 ಅನ್ನುತ್ತದೆ. ಎಡಗಡೆಯದ್ದೋ ಬಲಗಡೆಯದ್ದೋ ಅಂತ ಊಹಿಸಿ ತಪ್ಪು ಸೆನ್ಸರ್ ಕಳಚಿದವರು ಬಹಳ.

ಟರ್ಬೋ ಇದ್ದರೆ ಟರ್ಬೋ ದಾಟಿದ ಮೇಲೆಯೇ. ಅದರ ಮುಂದೆ ಬಿಸಿ ಜಾಸ್ತಿ, ಒತ್ತಡವೂ ಜಾಸ್ತಿ. ಒತ್ತಡ ಏರಿದರೆ ವೈಡ್‌ಬ್ಯಾಂಡ್ ಉತ್ಪ್ರೇಕ್ಷೆ ಶುರು ಮಾಡುತ್ತದೆ: ರಿಚ್ ಇದ್ದರೆ ಇನ್ನೂ ರಿಚ್ ಅನ್ನುತ್ತದೆ, ಲೀನ್ ಇದ್ದರೆ ಇನ್ನೂ ಲೀನ್.

ಸೀಮೆಸುಣ್ಣ ಹಿಡಿದು ಗಾಡಿ ಕೆಳಗೆ

ಕೊನೆಗೆ ನಾನು ಮಾಡಿದ್ದು ಇದು. ಗಾಡಿಯನ್ನು ಭದ್ರವಾದ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ತಣ್ಣಗಾದ ಮೇಲೆ ಟೇಪು, ಸೀಮೆಸುಣ್ಣ ಹಿಡಿದು ಕೆಳಗೆ ಮಲಗಿದೆ. ಆಗಬಾರದ ಜಾಗಗಳನ್ನು ಮೊದಲು ಅಡ್ಡಗೆರೆ ಎಳೆದು ಹೊಡೆದು ಹಾಕಿದೆ. ಕ್ಯಾಟ್‌ನಿಂದ ಹಿಂದಿನದೆಲ್ಲ ಹೋಯಿತು. ಪೈಪುಗಳು ಸೇರುವುದಕ್ಕೆ ಮುಂಚಿನದು ಹೋಯಿತು. ತಗ್ಗು ಹೋಯಿತು. ಎಂಜಿನ್ ಅಲುಗಿದಾಗ ಪೈಪ್ ಗೇರ್‌ಬಾಕ್ಸ್‌ಗೆ ಹತ್ತಿರ ಬರುವ ಕಡೆ ಸೆನ್ಸರ್ ತಲೆ ತಾಗುತ್ತದೆ, ಅದೂ ಹೋಯಿತು. ಉಳಿದದ್ದು ಒಂದು ಅಂಗೈ ಅಗಲದ ಜಾಗ, ಎಂಜಿನ್‌ನಿಂದ ಹೊಗೆ ಹೊರಬೀಳುವ ಎಕ್ಸಾಸ್ಟ್ ಪೋರ್ಟ್‌ನಿಂದ ಸುಮಾರು 65 ಸೆಂಟಿಮೀಟರ್. ಟರ್ಬೋ ಇಲ್ಲದ ಎಂಜಿನ್‌ನಲ್ಲಿ ವೈಡ್‌ಬ್ಯಾಂಡ್‌ಗೆ 60 ಸೆಂಟಿಮೀಟರ್ ಆಸುಪಾಸು ಒಳ್ಳೆಯ ಗುರಿ. ಟರ್ಬೋ ಇದ್ದರೆ ಟರ್ಬೋದಿಂದ 90ರ ಆಸುಪಾಸು. ಇವು ಗೆರೆ ಕೊರೆದ ಲೆಕ್ಕ ಅಲ್ಲ. ಹತ್ತು ಸೆಂಟಿಮೀಟರ್ ಆಚೀಚೆ ಆದರೂ ಕೋನ ಸರಿ ಇದ್ದರೆ, ಮುಂದೆ ಲೀಕ್ ಇಲ್ಲದಿದ್ದರೆ ನಡೆಯುತ್ತದೆ.

ವೆಲ್ಡಿಂಗ್ ಮಾಡುವಾಗ ಸೆನ್ಸರ್ ಪೈಪಿನಲ್ಲಿ ಇರಬಾರದು, ಬ್ಯಾಟರಿ ಕಳಚಿರಬೇಕು. ಬಂಗ್‌ನ ಥ್ರೆಡ್ ಬಿಸಿಗೆ ಸೊಟ್ಟಗಾಗದಿರಲು ಸತ್ತ ಹಳೆ ಸೆನ್ಸರ್ ಒಂದನ್ನು ಅದರೊಳಗೆ ತಿರುಗಿಸಿ ಇಡಿ. ನನ್ನ ಹತ್ತಿರ ಅಂಥವು ಎರಡು ಇದ್ದವು! ಪಾಪ, ಅವು ಸತ್ತೂ ಇರಲಿಲ್ಲ. ಥ್ರೆಡ್ ಸಾಮಾನ್ಯವಾಗಿ ಎಂ18, 1.5 ಪಿಚ್. ಬಿಗಿ ಮಾಡುವುದು 40ರಿಂದ 60 ನ್ಯೂಟನ್ ಮೀಟರ್. ಆಂಟಿ ಸೀಜ್ ಪೇಸ್ಟ್ ಥ್ರೆಡ್‌ಗೆ ಮಾತ್ರ, ಮೂತಿಗೆ ಸೋಕಬಾರದು. ಜೋಡಣೆಗಳಿಗೆ ಮಾಮೂಲಿ ಸಿಲಿಕೋನ್ ಗ್ಯಾಸ್ಕೆಟ್ ಪೇಸ್ಟ್ ಹಚ್ಚಬೇಡಿ. ಅದರ ಆವಿ ಸೆನ್ಸರ್‌ಗೆ ವಿಷ.

ಹೊಸ ಜಾಗದಲ್ಲೂ ಮೊದಲ ದಿನ ಐಡ್ಲಿಂಗ್ 15.6 ತೋರಿಸಿತು. ನನಗೆ ಅಳು ಬರುವುದೊಂದು ಬಾಕಿ. ಸೋಪಿನ ನೀರು ಹಚ್ಚಿದರೆ ಸೆನ್ಸರ್‌ಗಿಂತ ಒಂದು ಗೇಣು ಮುಂದಿನ ಫ್ಲ್ಯಾಂಜ್‌ನಲ್ಲಿ ಸಣ್ಣ ಸಣ್ಣ ಗುಳ್ಳೆ. ಬೋಲ್ಟ್ ಬಿಗಿಯಾಗಿಯೇ ಇತ್ತು, ಗ್ಯಾಸ್ಕೆಟ್ ಒಂದು ಮೂಲೆಯಲ್ಲಿ ಸುಟ್ಟಿತ್ತು. ಅದನ್ನು ಬದಲಾಯಿಸಿ, ನಾನೇ ಸೇರಿಸಿದ್ದ ಹೆಚ್ಚುವರಿ ಪೆಟ್ರೋಲ್ ತೆಗೆದ ಮೇಲೆ 14.6ಕ್ಕೆ ಬಂದು ನಿಂತಿತು.

ಜಾಗ ಸರಿಯಾಗಿದೆಯಾ ಅಂತ ನೋಡಲು ಒಂದು ಸುಲಭ ಪರೀಕ್ಷೆ ಇದೆ. ಖಾಲಿ ರಸ್ತೆಯಲ್ಲಿ ಮೂರನೇ ಗೇರ್, 3500 ಆರ್‌ಪಿಎಂ. ಆಕ್ಸಿಲರೇಟರ್ ಪೂರ್ತಿ ಬಿಡಿ, ಕ್ಲಚ್ ಒತ್ತಬೇಡಿ. ಇಸಿಯು ಪೆಟ್ರೋಲ್ ನಿಲ್ಲಿಸುತ್ತದೆ, ಪೈಪಿನಲ್ಲಿ ಬರೀ ಗಾಳಿ ಹರಿಯುತ್ತದೆ. ಗೇಜ್ ತನ್ನ ಲೀನ್ ತುದಿಗೆ ಓಡಬೇಕು. ಪಕ್ಕದಲ್ಲಿ ಕೂತವರು ಫೋನ್‌ನಲ್ಲಿ ವಿಡಿಯೋ ಮಾಡಲಿ, ನೀವು ರಸ್ತೆ ನೋಡಿ. ಪೆಟ್ರೋಲ್ ನಿಲ್ಲುವುದಕ್ಕೂ ಗೇಜ್ ಓಡುವುದಕ್ಕೂ ಇರುವ ಅಂತರವೇ ನಿಮ್ಮ ಸೆನ್ಸರ್‌ನ ತಡ. ಅರೆ ಸೆಕೆಂಡಿನೊಳಗೆ ಇದ್ದರೆ ನಾನು ಒಪ್ಪುತ್ತೇನೆ. ಒಂದು ಸೆಕೆಂಡ್ ದಾಟಿದರೆ ಬಂಗ್‌ನ ಎತ್ತರ ಮತ್ತೊಮ್ಮೆ ಅಳೆಯಿರಿ.

ಹಳೆ ತೂತಿಗೆ ಥ್ರೆಡ್ ಇರುವ ಪ್ಲಗ್ ಹಾಕಿ, ಅಡಿಗೆ ತಾಮ್ರದ ವಾಷರ್ ಇರಲಿ. ನನ್ನದು ಸೆನ್ಸರ್‌ಗಿಂತ ಬಹಳ ಹಿಂದೆ ಇರುವುದರಿಂದ ಸೋರಿದರೂ ಬರೀ ಸದ್ದು. ನಿಮ್ಮದು ಮುಂದೆ ಇದ್ದರೆ, ಆ ಪ್ಲಗ್‌ಗೂ ಸೋಪಿನ ನೀರು ಹಚ್ಚಿ ನೋಡಿ.